ಮೊಳೆ ಸಿಗದ ಬೀದಿಯಲ್ಲಿ ಮಹಾಪುರುಷರ ಮನೆ

ಅಮೆರಿಕಾದ ಹೆದ್ದಾರಿಗಳಲ್ಲಿ ಓಡಾಡಿದವರಿಗೆ ಕಂದು ಬಣ್ಣದ ಬೋರ್ಡುಗಳ ಪರಿಚಯ ಇದ್ದೇ ಇರುತ್ತೆ. ಹಸಿರು ಬೋರ್ಡು ಊರಿಗೆ ದಾರಿ ತೋರಿಸಿದರೆ, ಕಂದು ಬೋರ್ಡು ಆ ಊರಲ್ಲಿ ನೋಡಬೇಕಾದ್ದಕ್ಕೆ ದಾರಿ ತೋರಿಸುತ್ತೆ. ಅಧ್ಯಕ್ಷರೊಬ್ಬರು ಹುಟ್ಟಿದ ಮನೆ, ಕವಿಯೊಬ್ಬ ಬೆಳೆದ ಮನೆ, ಸೇನಾನಿಯೊಬ್ಬ ಯುದ್ಧ ಮುಗಿಸಿ ಬಂದು ಉಳಿದುಕೊಂಡ ಮನೆ.. ಎರಡು ಮೂರು ಸಾವಿರ ಜನ ಇರೋ ಪುಟ್ಟ ಊರುಗಳಲ್ಲೂ ಇಂಥದ್ದೊಂದು ಮನೆ ಸಿಕ್ಕಿಬಿಡುತ್ತೆ. ಮನೆ ನೋಡಿದ ಮೇಲೆ ಏನು ಮಾಡೋದು? ಹತ್ತಿರದಲ್ಲೇ ಹಳೇ ಪೇಟೆ ಇರುತ್ತಲ್ಲ, ಶಾಪಿಂಗ್ ಮಾಡೋದು. ಪ್ರವಾಸಿಗರಿಗೆ ಹಂಚೋ ಕರಪತ್ರಗಳಲ್ಲೆಲ್ಲ ಇದೇ ಕ್ರಮ. ಮೊದಲು ಮನೆ, ಆಮೇಲೆ ಅಂಗಡಿ.

ಈ ಕ್ರಮದ ಬಗ್ಗೆಯೇ ನನ್ನದೊಂದು ತಕರಾರಿದೆ. ಮನೆ ಮುಖ್ಯ, ಅಂಗಡಿ ಅದಕ್ಕೆ ಅಂಟಿಕೊಂಡ ಬಾಲ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ನನಗನ್ನಿಸೋದು ಇದರ ಉಲ್ಟಾ. ಅಂಗಡಿ ಬದುಕಿದ್ದರೆ ಮಾತ್ರ ಊರು ಬದುಕಿರುತ್ತೆ, ಊರು ಬದುಕಿದ್ದರೆ ಮಾತ್ರ ಆ ಮನೆಗೊಂದು ಅರ್ಥ. ಅದೂ ಎಂಥ ಅಂಗಡಿ? ಪ್ರವಾಸಿಗರಿಗೆ ಸುವಾಸನೆಯ ಮೇಣದಬತ್ತಿ ಮಾರೋ ಅಂಗಡಿ ಮಾತ್ರ ಅಲ್ಲ, ಅದೇ ಊರಿನವನು ಚಪ್ಪಲಿ ಮೆಟ್ಟಿಕೊಂಡು ಬಂದು ಒಂದು ಹಿಡಿ ಮೊಳೆ, ಒಂದು ಬಾಟಲಿ ಕೆಮ್ಮಿನ ಔಷಧಿ, ಒಂದು ಉಂಡೆ ದಾರ ಕೊಂಡುಹೋಗುವಂಥ ಅಂಗಡಿ.

ಬಾಯಿ ಮಾತಲ್ಲಿ ಬೇಡ, ಒಂದು ಊರನ್ನೇ ಇಟ್ಟುಕೊಂಡು ಮಾತಾಡೋಣ.

ಇಲಿನಾಯ್ ರಾಜ್ಯದ ವಾಯುವ್ಯ ಮೂಲೆಯಲ್ಲಿ ಗಲೀನಾ ಅಂತ ಒಂದೂರು. ಚಿಕಾಗೋದಿಂದ ಕಾರಲ್ಲಿ ಮೂರು ಗಂಟೆ. ಅಲ್ಲಿರೋ ನಮ್ಮ ಕನ್ನಡದವರಲ್ಲಿ ಎಲೆ ಬಣ್ಣ ಬದಲಾಗೋ ಕಾಲಕ್ಕೆ ಒಂದು ವಾರಾಂತ್ಯ ಹೋಗಿಬಂದವರು ಬೇಕಾದಷ್ಟು ಜನ ಇದ್ದಾರೆ. 2020ರ ಜನಗಣತಿಯ ಪ್ರಕಾರ ಅಲ್ಲಿರೋ ಜನ ಮೂರು ಸಾವಿರದ ಮುನ್ನೂರರ ಆಸುಪಾಸು. ಗಲೀನಾ ಅನ್ನೋದು ಸೀಸದ ಅದಿರಿನ ಹೆಸರು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಇಲ್ಲಿ ಸೀಸದ ಗಣಿಗಳು ಭರ್ಜರಿಯಾಗಿ ನಡೆದವು. ಮಿಸಿಸಿಪ್ಪಿಯಿಂದ ಸಣ್ಣ ಹೊಳೆಯೊಂದರ ಮೂಲಕ ಉಗಿದೋಣಿಗಳು ಊರಿನ ತನಕ ಬರುತ್ತಿದ್ದವು. ದುಡ್ಡು ಬಂತು. ದುಡ್ಡು ಬಂದಾಗ ಗುಡ್ಡದ ಮೇಲೆ ದೊಡ್ಡ ಮನೆಗಳು, ಗುಡ್ಡದ ಬುಡದಲ್ಲಿ ಇಟ್ಟಿಗೆಯ ಅಂಗಡಿಸಾಲು ಎದ್ದವು.

ಆಮೇಲೆ ಎಲ್ಲಾ ಒಟ್ಟಿಗೇ ಕೈಕೊಟ್ಟಿತು. ಸುಲಭಕ್ಕೆ ಸಿಗೋ ಅದಿರು ಮುಗಿಯಿತು, ಹೊಳೆಯಲ್ಲಿ ಹೂಳು ತುಂಬಿ ದೋಣಿ ಬರೋದು ಕಷ್ಟವಾಯಿತು, ರೈಲು ಬಂದು ವ್ಯಾಪಾರ ಬೇರೆ ಊರುಗಳ ಪಾಲಾಯಿತು. ಜನ ಊರು ಬಿಟ್ಟರು.

ಈಗ ಅಲ್ಲಿಗೆ ಹೋಗೋರು "ಅಬ್ಬ, ಎಷ್ಟು ಚೆನ್ನಾಗಿ ಕಾಪಾಡಿಕೊಂಡಿದ್ದಾರಪ್ಪಾ!" ಅಂತಾರೆ. ನಿಜ ಹೇಳಬೇಕಂದ್ರೆ ಬಹಳ ಕಾಲ ಯಾರೂ ಏನೂ ಕಾಪಾಡಿಕೊಳ್ಳಲಿಲ್ಲ. ಹಳೇದನ್ನ ಕೆಡವಿ ಹೊಸದು ಕಟ್ಟೋಕೆ ಊರಲ್ಲಿ ಕಾಸಿರಲಿಲ್ಲ, ಅಷ್ಟೆ. ಅಮೆರಿಕಾದ ಎಷ್ಟೋ ಚಂದದ ಹಳೇ ಊರುಗಳ ಗುಟ್ಟು ಇದೇ. ಅವುಗಳನ್ನ ಮೊದಲು ಉಳಿಸಿದ್ದು ಅಭಿಮಾನ ಅಲ್ಲ, ಬಡತನ. ಅಭಿಮಾನ ಬಂದಿದ್ದು ಆಮೇಲೆ. 1966ರಲ್ಲಿ ಐತಿಹಾಸಿಕ ಕಟ್ಟಡಗಳ ರಕ್ಷಣೆಗೆ ಕೇಂದ್ರದ ಕಾಯ್ದೆ ಬಂತು, ನ್ಯಾಷನಲ್ ರಿಜಿಸ್ಟರ್ ಅನ್ನೋ ಪಟ್ಟಿ ಬಂತು, 1969ರಲ್ಲಿ ಗಲೀನಾದ ಹಳೇ ಊರು ಆ ಪಟ್ಟಿ ಸೇರಿತು.

ಗಲೀನಾದ ದೊಡ್ಡ ಆಕರ್ಷಣೆ ಯುಲಿಸಿಸ್ ಗ್ರಾಂಟ್ ಮನೆ. ಅಂತರ್ಯುದ್ಧ ಗೆದ್ದ ಸೇನಾನಿ, ಆಮೇಲೆ 1869ರಿಂದ 1877ರವರೆಗೆ ದೇಶದ ಅಧ್ಯಕ್ಷ. 1865ರ ಆಗಸ್ಟಿನಲ್ಲಿ ಯುದ್ಧ ಮುಗಿಸಿ ಬಂದವನಿಗೆ ಊರಿನ ಶ್ರೀಮಂತರು ಗುಡ್ಡದ ಮೇಲಿನ ಇಟ್ಟಿಗೆಯ ಮನೆಯೊಂದನ್ನ ಉಡುಗೊರೆಯಾಗಿ ಕೊಟ್ಟರು. ಮುಂದೆ 1904ರಲ್ಲಿ ಅವನ ಮಕ್ಕಳು ಅದನ್ನ ಊರಿಗೆ ಕೊಟ್ಟರು, 1931ರಲ್ಲಿ ಊರು ಅದನ್ನ ರಾಜ್ಯಕ್ಕೆ ಒಪ್ಪಿಸಿತು. ಮನೆ ಚೆನ್ನಾಗಿದೆ. ಹೋದವರು ನೋಡಲೇಬೇಕು.

ಆದರೆ ಗಮನಿಸಿ, ಗ್ರಾಂಟ್ ಈ ಊರಿಗೆ ಬಂದಿದ್ದು ಆ ಮನೆಗಾಗಿ ಅಲ್ಲ. ಅವನು ಬಂದಿದ್ದು 1860ರಲ್ಲಿ, ಹೊಟ್ಟೆಪಾಡಿಗೆ. ಸೈನ್ಯದ ಕೆಲಸ ಬಿಟ್ಟಿದ್ದ, ಬೇಸಾಯ ಕೈಹಿಡಿಯಲಿಲ್ಲ, ಸೇಂಟ್ ಲೂಯಿಸ್‌ನಲ್ಲಿ ಮಾಡಿದ ವ್ಯವಹಾರವೂ ನಡೆಯಲಿಲ್ಲ. ಮೂವತ್ತೆಂಟರ ವಯಸ್ಸಲ್ಲಿ ಹೆಂಡತಿ, ನಾಲ್ಕು ಮಕ್ಕಳ ಜೊತೆ ಬಂದು ಅಪ್ಪನ ಚರ್ಮದ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಅಂಗಡಿ ನೋಡಿಕೊಳ್ಳುತ್ತಿದ್ದವರು ಅವನ ತಮ್ಮಂದಿರು. ಅಂದರೆ ಆ ದೊಡ್ಡ ಮನುಷ್ಯನನ್ನ ಈ ಸಣ್ಣ ಊರಿಗೆ ಕರೆತಂದಿದ್ದು ಮೇನ್ ಸ್ಟ್ರೀಟಿನ ಒಂದು ಅಂಗಡಿ! ಅಂಗಡಿ ಇಲ್ಲದಿದ್ದರೆ ಗ್ರಾಂಟ್ ಇಲ್ಲ, ಗ್ರಾಂಟ್ ಇಲ್ಲದಿದ್ದರೆ ಮನೆ ಇಲ್ಲ, ಮನೆ ಇಲ್ಲದಿದ್ದರೆ ಕಂದು ಬೋರ್ಡೂ ಇಲ್ಲ. ನಾನು ಹೇಳಿದ ಉಲ್ಟಾ ಕ್ರಮ ಅಂದ್ರೆ ಇದೇ.

ಈಗ ಆ ಬೀದಿಗೇ ಇಳಿಯೋಣ.

ಅಮೆರಿಕಾದ ಮೇನ್ ಸ್ಟ್ರೀಟಿನ ಅಂಗಡಿ ಕಟ್ಟಡಕ್ಕೂ ನಮ್ಮ ಹಳೇ ಪೇಟೆ ಬೀದಿಯ ಕಟ್ಟಡಕ್ಕೂ ದೂರದ ನೆಂಟಸ್ತಿಕೆ ಇದೆ. ಅಗಲ ಕಡಿಮೆ, ಉದ್ದ ಜಾಸ್ತಿ. ಪಕ್ಕದ ಅಂಗಡಿಗೂ ಇದಕ್ಕೂ ನಡುವೆ ಒಂದೇ ಗೋಡೆ. ಕೆಳಗೆ ವ್ಯಾಪಾರ, ಮೇಲೆ ಸಂಸಾರ. ಬೀದಿ ಕಡೆಗೆ ದೊಡ್ಡ ಗಾಜಿನ ಕಿಟಕಿ, ಮೇಲ್ಗಡೆ ಅಲಂಕಾರದ ಸೂರಂಚು. ಆ ಅಲಂಕಾರ ಯಾವನೋ ಶಿಲ್ಪಿ ಕೆತ್ತಿದ್ದು ಅಂತ ತಿಳಿದುಕೊಂಡಿದ್ದರೆ ತಮಾಷೆ ಕೇಳಿ. ಎಷ್ಟೋ ಊರುಗಳಲ್ಲಿ ಅದು ತಗಡು! ಸೇಂಟ್ ಲೂಯಿಸ್‌ನ ಮೆಸ್ಕರ್ ಬ್ರದರ್ಸ್ ಥರದ ಕಂಪನಿಗಳು ಅಂಗಡಿಯ ಇಡೀ ಮುಂಭಾಗವನ್ನೇ ಕ್ಯಾಟಲಾಗಿನಲ್ಲಿ ಮಾರುತ್ತಿದ್ದವು. ಅಂಗಡಿಯವನು ಪುಟ ತಿರುವಿ, ಆರ್ಡರ್ ಹಾಕಿ, ರೈಲಲ್ಲಿ ತರಿಸಿಕೊಂಡು, ಮೊಳೆ ಹೊಡೆದು ಕೂರಿಸುತ್ತಿದ್ದ.

ಅಂಗಡಿ ಮುಂಭಾಗ ಮಾತ್ರ ಅಲ್ಲ, ಮನೆಗಳೂ ಹಾಗೇ ಬಂದವು. ಸಿಯರ್ಸ್ ಕಂಪನಿ 1908ರಿಂದ 1940ರವರೆಗೆ ಅಂಚೆಯ ಕ್ಯಾಟಲಾಗಿನಲ್ಲಿ ಇಡೀ ಮನೆಗಳನ್ನ ಮಾರಿತು. ಮರ, ಕಿಟಕಿ, ಬಾಗಿಲು, ಬಣ್ಣ, ಮೊಳೆ ಸಮೇತ ರೈಲು ಡಬ್ಬಿಯಲ್ಲಿ ಬರ್ತಿತ್ತು. ಜೊತೆಗೆ ಹೇಗೆ ಜೋಡಿಸಬೇಕು ಅನ್ನೋ ಪುಸ್ತಕ. ಇಲಿನಾಯ್‌ನ ಕಾರ್ಲಿನ್‌ವಿಲ್ ಅನ್ನೋ ಊರಲ್ಲಿ ಗಣಿ ಕೆಲಸಗಾರರಿಗಾಗಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1918ರ ಸುಮಾರಿಗೆ ತರಿಸಿದ ಇಂಥ ಮನೆಗಳು ನೂರೈವತ್ತರಷ್ಟು ಇವತ್ತಿಗೂ ಸಾಲಾಗಿ ನಿಂತಿವೆ. ಈಗ ಅವೂ ಚರಿತ್ರೆ, ಅವನ್ನ ನೋಡೋಕೂ ಜನ ಬರ್ತಾರೆ. ಅಂಗಡಿಯಿಂದ ಕೊಂಡ ಸರಕು ನೂರು ವರ್ಷ ಬಾಳಿ ಪರಂಪರೆ ಆಗಿಬಿಟ್ಟಿದೆ :)

ಇಲ್ಲೇ ಕತೆಯ ಕಹಿ ಭಾಗ ಕೂಡ ಶುರುವಾಗೋದು. ಮನೆ ಮಾರಿದ ಅದೇ ಕ್ಯಾಟಲಾಗು ಸಣ್ಣ ಊರಿನ ಅಂಗಡಿಯವನ ಗಲ್ಲಾ ಪೆಟ್ಟಿಗೆಗೂ ಕೈ ಹಾಕಿತು. 1896ರಲ್ಲಿ ಹಳ್ಳಿಯ ಮನೆಬಾಗಿಲಿಗೆ ಅಂಚೆ ಶುರುವಾಯಿತು, 1913ರಲ್ಲಿ ಪಾರ್ಸಲ್ ಅಂಚೆ. ಊರೂರಿನ ವರ್ತಕರು ಪಾರ್ಸಲ್ ಅಂಚೆ ಬೇಡವೇ ಬೇಡ ಅಂತ ಜೋರಾಗಿ ವಿರೋಧಿಸಿದರು. ಅವರ ಭಯ ಸುಳ್ಳಾಗಿರಲಿಲ್ಲ. ಆಮೇಲೆ ಕಾರು ಬಂತು. 1956ರಲ್ಲಿ ಮಿನ್ನೆಸೋಟಾದ ಇಡೈನಾದಲ್ಲಿ ಪೂರ್ತಿ ಸೂರು ಮುಚ್ಚಿದ ಸೌತ್‌ಡೇಲ್ ಮಾಲ್ ತೆರೆಯಿತು. 1962ರಲ್ಲಿ ಅರ್ಕನ್ಸಾದ ರಾಜರ್ಸ್ ಊರಲ್ಲಿ ಮೊದಲ ವಾಲ್‌ಮಾರ್ಟ್. ಪೇಟೆ ಬೀದಿಯ ವ್ಯಾಪಾರ ಹೆದ್ದಾರಿ ಪಕ್ಕದ ದೊಡ್ಡ ಪಾರ್ಕಿಂಗ್ ಜಾಗಕ್ಕೆ ಎದ್ದು ಹೋಯಿತು. ಈಗ ಅಲ್ಲಿಂದಲೂ ಎದ್ದು ಅಮೆಜಾನಿನ ರಟ್ಟಿನ ಡಬ್ಬಿಗೆ ಹೋಗ್ತಾ ಇದೆ. ಅಂದರೆ ಸುತ್ತಿ ಸುತ್ತಿ ಮತ್ತೆ ಪಾರ್ಸಲ್ಲಿಗೇ. ಆದರೆ ಆ ಕ್ಯಾಟಲಾಗಿನ ಸಿಯರ್ಸ್ ಕೂಡ ಉಳಿಯಲಿಲ್ಲ ನೋಡಿ, 2018ರಲ್ಲಿ ದಿವಾಳಿ ಅರ್ಜಿ ಹಾಕಿತು.

ವಾಲ್‌ಮಾರ್ಟನ್ನ ಸುಮ್ಮನೆ ರಾಕ್ಷಸ ಮಾಡೋದು ಬೇಡ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಕೆನೆತ್ ಸ್ಟೋನ್ ಅನ್ನೋ ಅರ್ಥಶಾಸ್ತ್ರಜ್ಞರು 1980ರ ದಶಕದ ಕೊನೆಯಿಂದ ಅಯೋವಾದ ಊರುಗಳ ವ್ಯಾಪಾರದ ಲೆಕ್ಕ ಇಟ್ಟು ನೋಡಿದರು. ವಾಲ್‌ಮಾರ್ಟ್ ಬಂದ ಊರಿಗೆ ಗಿರಾಕಿಗಳು ಹೆಚ್ಚಾದರು. ಅದು ಮಾರದೇ ಇರೋದನ್ನ ಮಾರುವ ಅಂಗಡಿಗಳಿಗೆ ಲಾಭವೇ ಆಯಿತು. ಪೆಟ್ಟು ಬಿದ್ದಿದ್ದು ಎರಡು ಕಡೆ: ಅದು ಮಾರೋದನ್ನೇ ಮಾರುತ್ತಿದ್ದ ಅಂಗಡಿಗಳಿಗೆ, ಮತ್ತೆ ವಾಲ್‌ಮಾರ್ಟ್ ಬಾರದ ಸುತ್ತಮುತ್ತಲಿನ ಇನ್ನೂ ಸಣ್ಣ ಊರುಗಳಿಗೆ. ಮೊಳೆ, ಸೋಪು, ಬನಿಯನ್ನು, ಮಾತ್ರೆ.. ಮಾರುತ್ತಿದ್ದವರು ಮುಚ್ಚಿದರು. ಮೇಣದಬತ್ತಿಯವರು ಉಳಿದರು. ಆಮೇಲೆ ಬಂದ ಡಾಲರ್ ಜನರಲ್ ಥರದ ಅಂಗಡಿಗಳು ಸಣ್ಣ ಊರುಗಳನ್ನೂ ಬಿಡಲಿಲ್ಲ. ಈಗ ಅದೊಂದರದ್ದೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಳಿಗೆ. ಅವೂ ಹೆಚ್ಚಾಗಿ ಕೂರೋದು ಊರ ಹೊರಗಿನ ರಸ್ತೆ ಬದಿಯಲ್ಲೇ.

ಇದರ ಮಧ್ಯೆ ಒಂದು ವಿಚಿತ್ರ ಆಯಿತು. ವಾಲ್ಟ್ ಡಿಸ್ನಿ 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಒಳಗೆ ಹೊಕ್ಕ ಕೂಡಲೇ ಸಿಗೋ ಬೀದಿಗೆ ಮೇನ್ ಸ್ಟ್ರೀಟ್ ಅಂತ ಹೆಸರಿಟ್ಟ. ಬಾಲ್ಯ ಕಳೆದ ಮಿಸೌರಿಯ ಮಾರ್ಸೆಲೀನ್ ಅನ್ನೋ ಪುಟ್ಟ ಊರಿನ ನೆನಪು ಅದರ ಹಿಂದಿತ್ತು. ನಿಜವಾದ ಊರುಗಳ ಮೇನ್ ಸ್ಟ್ರೀಟು ಖಾಲಿಯಾಗಲು ಶುರುವಾದ ಹೊತ್ತಿಗೆ ಸರಿಯಾಗಿ ಅದರ ನಕಲಿಗೆ ಟಿಕೆಟ್ಟು! ಅದೇ ಕಾಲದಲ್ಲಿ ನಿಜವಾದ ಮೇನ್ ಸ್ಟ್ರೀಟಿನವರು ಮಾಲ್ ಥರ ಕಾಣಬೇಕು ಅಂತ ತಮ್ಮ ಹಳೇ ಇಟ್ಟಿಗೆಯ ಮುಂಭಾಗಕ್ಕೆ ಅಲ್ಯೂಮಿನಿಯಂ ಹಾಳೆ ಹೊದಿಸುತ್ತಿದ್ದರು.

ಈ ಹಾಳೆಗಳನ್ನ ಬಿಚ್ಚಿಸೋ ಕೆಲಸ ಶುರುವಾಗಿದ್ದು 1977ರಲ್ಲಿ. ಕಟ್ಟಡ ಉಳಿಸೋ ಕೆಲಸಕ್ಕೇ ಇದ್ದ ನ್ಯಾಷನಲ್ ಟ್ರಸ್ಟ್ ಮೂರು ಊರುಗಳನ್ನ ಆರಿಸಿಕೊಂಡಿತು: ಇಲಿನಾಯ್‌ನ ಗೇಲ್ಸ್‌ಬರ್ಗ್, ಇಂಡಿಯಾನಾದ ಮ್ಯಾಡಿಸನ್, ಸೌತ್ ಡಕೋಟಾದ ಹಾಟ್ ಸ್ಪ್ರಿಂಗ್ಸ್. ಇವುಗಳಲ್ಲಿ ಮ್ಯಾಡಿಸನ್ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಹಾಯೋ ನದಿ ದಂಡೆಯ ಊರು, ಒಂದು ಕಾಲಕ್ಕೆ ಇಂಡಿಯಾನಾದ ದೊಡ್ಡ ಬಂದರು. ನದಿಗೆ ಮುಖಮಾಡಿ ಲ್ಯಾನಿಯರ್ ಅನ್ನೋ ಬ್ಯಾಂಕರಿನ ಬಂಗಲೆ ಇದೆ, 1844ರದ್ದು. ಅಂತರ್ಯುದ್ಧದ ಕಾಲದಲ್ಲಿ ರಾಜ್ಯ ಸರ್ಕಾರಕ್ಕೇ ಹತ್ತು ಲಕ್ಷ ಡಾಲರಿಗೂ ಹೆಚ್ಚು ಸಾಲ ಕೊಟ್ಟಾತ. ಬಂಗಲೆ ರಾಜ್ಯದ ಸುಪರ್ದಿಗೆ ಬಂದು ಮ್ಯೂಸಿಯಂ ಆಗಿದ್ದು 1920ರ ದಶಕದಲ್ಲೇ. ಹಾಗಿದ್ದೂ ಐವತ್ತು ವರ್ಷದ ನಂತರ ಅದರ ಹಿಂದಿನ ಪೇಟೆ ಬೀದಿಗೆ ಬೇರೆಯದೇ ಚಿಕಿತ್ಸೆ ಬೇಕಾಯಿತು. ಅಂದರೆ ಎಂಥ ಭವ್ಯ ಬಂಗಲೆಯಾದರೂ ತಾನೊಂದೇ ಪೇಟೆಯನ್ನ ಹಿಡಿದು ನಿಲ್ಲಿಸಲಾರದು ಅಂತಾಯ್ತು.

ಅಲ್ಲಿ ಕಲಿತ ಪಾಠ ಸರಳ. ಕಟ್ಟಡಕ್ಕೆ ಬಣ್ಣ ಬಳಿದರೆ ಸಾಲದು, ಒಳಗೆ ಗಿರಾಕಿ ಬರಬೇಕು. ಅಂಗಡಿಯವರು ಒಗ್ಗಟ್ಟಾಗಬೇಕು, ಯಾವ ವ್ಯಾಪಾರ ಈ ಊರಿಗೆ ಬೇಕು ಅಂತ ಲೆಕ್ಕ ಹಾಕಬೇಕು, ಬೀದಿಯಲ್ಲಿ ಜನ ಸೇರುವಂಥದ್ದು ಏನಾದರೂ ನಡೆಯಬೇಕು. 1980ರಲ್ಲಿ ಇದಕ್ಕಾಗಿಯೇ ಒಂದು ರಾಷ್ಟ್ರೀಯ ಕೇಂದ್ರ ಶುರುವಾಯಿತು, ಈ ವಿಧಾನ ನೂರಾರು ಊರುಗಳಿಗೆ ಹಬ್ಬಿತು.

ಕಾನೂನು ಕೂಡ ಈ ಮಾತನ್ನ ಒಂದು ರೀತಿ ಒಪ್ಪುತ್ತೆ. ನ್ಯಾಷನಲ್ ರಿಜಿಸ್ಟರ್ ಪಟ್ಟಿಯಲ್ಲಿ ಹೆಸರು ಬಂದುಬಿಟ್ಟರೆ ಕಟ್ಟಡ ಕೆಡವೋ ಹಾಗಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಸ್ವಂತ ದುಡ್ಡಲ್ಲಿ ಮಾಲೀಕ ತನ್ನ ಕಟ್ಟಡ ಕೆಡವಿದರೆ ಆ ಪಟ್ಟಿ ತಡೆಯೋದಿಲ್ಲ. ತಡೆಯಬೇಕಾದರೆ ಊರಿನದೇ ನಿಯಮ ಇರಬೇಕು. ಆದರೆ ಪಟ್ಟಿಯಲ್ಲಿರೋ ಕಟ್ಟಡವನ್ನ ಕ್ರಮಬದ್ಧವಾಗಿ ರಿಪೇರಿ ಮಾಡಿದರೆ ಖರ್ಚಿನ ಶೇಕಡಾ 20ರಷ್ಟು ಕೇಂದ್ರದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಷರತ್ತೇನು ಗೊತ್ತಾ? ಆ ಕಟ್ಟಡದಿಂದ ಆದಾಯ ಬರಬೇಕು. ಅಂಗಡಿ ಆಗಬಹುದು, ಬಾಡಿಗೆ ಮನೆ ಆಗಬಹುದು, ಹೋಟೆಲ್ ಆಗಬಹುದು. ನೀವೇ ವಾಸ ಮಾಡೋ ಹಳೇ ಮನೆಗೆ ಈ ರಿಯಾಯಿತಿ ಇಲ್ಲ. ಇದು ಅನ್ಯಾಯ ಅಂತ ಹಳೇ ಮನೆಯವರು ಗೊಣಗುತ್ತಾರೆ, ಚಳಿಗಾಲದ ಗ್ಯಾಸ್ ಬಿಲ್ಲು ನೋಡಿದರೆ ಅವರ ಗೊಣಗು ಅರ್ಥವಾಗುತ್ತೆ ಕೂಡ. ಆದರೂ ಸರ್ಕಾರದ ಒಂದು ಡಾಲರು ಎಲ್ಲಿಗೆ ಮೊದಲು ಹೋಗಬೇಕು ಅಂದರೆ, ನಾನು ಅಂಗಡಿಗೇ ಅಂತೀನಿ.

ಹಾಗಾದರೆ ಗಲೀನಾ ಗೆದ್ದಿದೆಯಲ್ಲ, ಇನ್ನೇನು ತಕರಾರು ಅಂತ ಕೇಳಬಹುದು. ಹೌದು, ಬೀದಿ ತುಂಬಿದೆ. ಬೋರ್ಡುಗಳು ಚಂದ, ಕಿಟಕಿಗಳು ಇನ್ನೂ ಚಂದ. ಫಡ್ಜ್ ಅನ್ನೋ ಸಿಹಿ, ವೈನು, ಆಭರಣ, ಟೀ ಶರ್ಟು, ಗೋಡೆಗೆ ನೇತುಹಾಕೋ ಬೋರ್ಡು.. ಆದರೆ ಮನೆಯ ನಲ್ಲಿ ಸೋರಿದರೆ, ಮಗುವಿಗೆ ಶಾಲೆಗೆ ಶೂ ಬೇಕಾದರೆ? ಊರಿನವರು ಹೆದ್ದಾರಿ ಕಡೆಗೆ ಹೋಗಬೇಕು, ಇಲ್ಲಾ ಹದಿನೈದು ಮೈಲಿ ಆಚೆ, ನದಿ ದಾಟಿ ಡಬ್ಯೂಕ್‌ಗೆ. ತಮ್ಮದೇ ಊರಿನ ಮೇನ್ ಸ್ಟ್ರೀಟಲ್ಲಿ ಅವರೂ ಹೆಚ್ಚುಕಮ್ಮಿ ಪ್ರವಾಸಿಗರೇ.

ಪ್ರವಾಸಿಗರ ದುಡ್ಡಿಲ್ಲದಿದ್ದರೆ ಆ ಸೂರುಗಳು ಯಾವತ್ತೋ ಕುಸಿಯುತ್ತಿದ್ದವು ಅನ್ನೋ ವಾದಕ್ಕೆ ನನ್ನಲ್ಲಿ ಎದುರುತ್ತರ ಇಲ್ಲ. ಅದು ನಿಜ. ಖಾಲಿ ಅಂಗಡಿಗಿಂತ ಫಡ್ಜ್ ಅಂಗಡಿ ಎಷ್ಟೋ ವಾಸಿ. ಅದನ್ನ ನಡೆಸೋರೂ ಬೆವರು ಸುರಿಸೋ ಸಣ್ಣ ವ್ಯಾಪಾರಿಗಳೇ. ಆದರೆ ಪ್ರವಾಸಿ ಬರೋದು ವರ್ಷಕ್ಕೊಮ್ಮೆ, ಅದೂ ಎಲೆ ಕೆಂಪಾದಾಗ. ಪೆಟ್ರೋಲ್ ದುಬಾರಿಯಾದರೆ ಬರಲ್ಲ. 2020ರಲ್ಲಿ ಕೊರೋನಾ ಬಂದಾಗ ಎಲ್ಲರೂ ಮನೆ ಹಿಡಿದು ಕೂತರು. ಊರಿನವನು ಫೆಬ್ರವರಿಯ ಹಿಮದಲ್ಲೂ ಬರ್ತಾನೆ, ಯಾಕಂದ್ರೆ ಅವನಿಗೆ ಹಿಮ ಬಾಚೋ ಸಲಿಕೆ ಬೇಕು. ಊರಿನವನೇ ಗಿರಾಕಿ ಆಗಿದ್ದರೆ ಬೀದಿಯ ಮೇಲಿನ ಮಹಡಿಗಳಲ್ಲಿ ಮತ್ತೆ ಸಂಸಾರ ಹೂಡಬಹುದು. ಎಷ್ಟೋ ಊರುಗಳಲ್ಲಿ ಈಗ ಆ ಮಹಡಿಗಳು ಖಾಲಿ. ಮೆಟ್ಟಿಲು, ಬೆಂಕಿ ಸುರಕ್ಷತೆ ಅಂತ ಖರ್ಚು ಹೆಚ್ಚು, ಬರೋ ಬಾಡಿಗೆ ಕಡಿಮೆ. ರಾತ್ರಿ ಎಂಟರ ಮೇಲೆ ಅಲ್ಲಿ ಒಂದು ದೀಪವೂ ಕಾಣಲ್ಲ.

ಕೊನೆಗೆ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೂ ಇಲಿನಾಯ್‌ನಲ್ಲೇ ಉದಾಹರಣೆ ಇದೆ. ಅಬ್ರಹಾಂ ಲಿಂಕನ್ 1831ರಿಂದ 1837ರವರೆಗೆ ನ್ಯೂ ಸೇಲಂ ಅನ್ನೋ ಹಳ್ಳಿಯಲ್ಲಿದ್ದ. ಬೆರಿ ಅನ್ನೋನ ಜೊತೆ ಪಾಲುದಾರಿಕೆಯಲ್ಲಿ ಅಂಗಡಿ ಇಟ್ಟು ಸಾಲ ಮಾಡಿಕೊಂಡ. ಜಿಲ್ಲಾ ಕಚೇರಿ, ವ್ಯಾಪಾರ ಎಲ್ಲಾ ಪಕ್ಕದ ಪೀಟರ್ಸ್‌ಬರ್ಗಿನ ಪಾಲಾದಾಗ ನ್ಯೂ ಸೇಲಂ 1840ರ ಹೊತ್ತಿಗೆ ಪಾಳು ಬಿತ್ತು. ನೂರು ವರ್ಷ ಆದಮೇಲೆ, 1930ರ ದಶಕದಲ್ಲಿ, ಮರದ ದಿಮ್ಮಿಯ ಮನೆಗಳನ್ನೂ ಆ ಅಂಗಡಿಯನ್ನೂ ಅಲ್ಲೇ ಮತ್ತೆ ಕಟ್ಟಿ ನಿಲ್ಲಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನೋಡೋಕೆ ಬಲು ಚಂದ. ಮನೆ ಉಂಟು, ಅಂಗಡಿ ಉಂಟು, ಕಪಾಟಿನಲ್ಲಿ ಜಾಡಿ ಉಂಟು. ವಾಸಕ್ಕೆ ಒಂದು ನರಪಿಳ್ಳೆ ಇಲ್ಲ. ಸಂಜೆಯಾದರೆ ಗೇಟು ಹಾಕ್ತಾರೆ.

ಅದಕ್ಕೇ ನನ್ನದೊಂದು ಸಣ್ಣ ಪರೀಕ್ಷೆ ಇದೆ. ಯಾವುದೇ ಐತಿಹಾಸಿಕ ಊರಿಗೆ ಹೋದರೂ ಮಹಾಪುರುಷರ ಮನೆ ನೋಡಿ ಆದಮೇಲೆ ಪೇಟೆ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಹುಡುಕಿ. ಮರದ ನೆಲ ಕಿರುಗುಟ್ಟುವ, ಸ್ಕ್ರೂಗಳನ್ನ ಸಣ್ಣ ಸಣ್ಣ ಡ್ರಾಯರಿನಲ್ಲಿ ಇಟ್ಟಿರುವ ಅಂಗಡಿ ಇನ್ನೂ ಇದ್ದರೆ, ಆ ಊರು ಬದುಕಿದೆ ಅಂತ ಲೆಕ್ಕ. ಒಳಗೆ ಹೋಗಿ ಏನಾದರೂ ಕೊಳ್ಳಿ. ಬರೀ ಫೋಟೋ ಹೊಡ್ಕೊಂಡು ಬರಬೇಡಿ. ಎರಡು ಡಾಲರಿನ ಮೊಳೆ ಸಾಕು, ಮನೆಗೆ ಬಂದ ಮೇಲೆ ಕ್ಯಾಲೆಂಡರ್ ನೇತುಹಾಕೋಕಾದರೂ ಆಗುತ್ತೆ. ಮನೆಗಳನ್ನ ಉಳಿಸೋ ಸಂಘದವರಿಗೂ ನಾನು ಹೇಳೋದು ಇಷ್ಟೇ: ಗ್ರಾಂಟನ ಕುರ್ಚಿಗೆ ಪಾಲಿಶ್ ಮಾಡಿಸಿ, ತಪ್ಪಿಲ್ಲ. ಜೊತೆಗೆ ಬೀದಿಯ ಕೊನೆಯ ಔಷಧಿ ಅಂಗಡಿಯವನ ಬಾಡಿಗೆ ಏರಿದೆಯಾ ಅಂತಲೂ ವಿಚಾರಿಸಿ. ಕುರ್ಚಿ ಇನ್ನೂ ನೂರು ವರ್ಷ ಕಾಯುತ್ತೆ. ಬಾಡಿಗೆ ಕಟ್ಟಲಾಗದ ಅಂಗಡಿ ಮುಂದಿನ ತಿಂಗಳ ತನಕವೂ ಕಾಯಲ್ಲ.

ಅಮೆರಿಕಾದಲ್ಲಿರೋ ಗೆಳೆಯರೇ, ನೀವಿರೋ ಕಡೆ ಹತ್ತಿರದ ಹಳೇ ಊರಿನ ಮೇನ್ ಸ್ಟ್ರೀಟಲ್ಲಿ ಈಗ ಮೊಳೆ ಸಿಗುತ್ತಾ, ಬರೀ ಮೇಣದಬತ್ತಿಯಾ? ಹೋದಾಗ ನೋಡಿ ಬಂದು ಹೇಳಿ.